ಮೂರು ಕೋಣೆಗೆ ಒಂದೇ ಹಾಡು

೧೯೮೭ರಲ್ಲಿ, ಎಂಟನೇ ಕ್ಲಾಸಿನ ನಡುವೆ, ನಾನು ಶಾಲೆ ಬಿಟ್ಟೆ. ಫೇಲಾಗಿ ಅಲ್ಲ. ನರಸಿಂಹರಾಜಪುರದ ಮೈಕ್‌ಸೆಟ್ ಅಂಗಡಿಯೊಂದರಲ್ಲಿ ಬಿಚ್ಚಿಟ್ಟ ಆಂಪ್ಲಿಫೈಯರ್ ನೋಡಿದ ಮೇಲೆ ಪಾಠದಲ್ಲಿ ಮನಸ್ಸು ನಿಲ್ಲಲಿಲ್ಲ. ಅಲ್ಲಿ ಹತ್ತು ವರ್ಷ ದುಡಿದು ಕೊಪ್ಪದಲ್ಲಿ ನನ್ನದೇ ಅಂಗಡಿ ಹಾಕಿದೆ. ನಾನು ಕಟ್ಟಿದ ಮೈಕು ಭಾಷಣದ ಮಧ್ಯೆ ಕುಂಯ್ ಎಂದದ್ದನ್ನು ಯಾರೂ ಕೇಳಿಲ್ಲ. ಕೇಳಿದವರಿದ್ದರೆ ಬಂದು ಹೇಳಲಿ.

೨೦೦೭ರ ಬೇಸಿಗೆಯಲ್ಲಿ ನೆಮ್ಮಾರಿನ ಗೌಡರೊಬ್ಬರು ಹೋಮ್‌ಸ್ಟೇ ಕಟ್ಟಿಸುತ್ತಿದ್ದರು. ಎಲ್ಲ ಕೋಣೆಯಲ್ಲೂ ಒಂದೇ ಹಾಡು ಒಟ್ಟಿಗೆ ಬರಬೇಕು, ಬೇಡವಾದ ಕೋಣೆಯಲ್ಲಿ ಸಣ್ಣ ಮಾಡಿಕೊಳ್ಳುವಂತೆಯೂ ಇರಬೇಕು ಎಂಬುದು ಅವರ ಆಸೆ. ನಾನು ಮಾಡಿಕೊಡುತ್ತೇನೆ ಎಂದೆ. ಅವರು ನಕ್ಕರು.

"ಇದು ಮರಕ್ಕೆ ಹಾರ್ನ್ ಕಟ್ಟೋ ಕೆಲಸ ಅಲ್ಲ ಮಾರಾಯ. ಕಂಪ್ಯೂಟರ್ ಕೆಲಸ. ಮಂಗಳೂರಿಂದ ಇಂಜಿನಿಯರ್ ಕರೆಸ್ತೀನಿ."

"ಕರೆಸಿ ಗೌಡ್ರೆ. ಅದಕ್ಕೆ ಮುಂಚೆ, ಇನ್ನು ಮೂರು ವಾರ ಬಿಟ್ಟು ಭಾನುವಾರ ನಮ್ಮನೆಗೆ ಬಂದು ಕೇಳಿ. ಸರಿ ಇಲ್ದಿದ್ರೆ ನಾಲ್ಕು ಜನರ ಎದುರೇ ಹೇಳಿ, ಇವನಿಗೆ ಹಾರ್ನ್ ಕಟ್ಟೋದು ಬಿಟ್ರೆ ಏನೂ ಬರಲ್ಲ ಅಂತ."

ಆಗ ನನ್ನ ಮನೆಯಲ್ಲಿದ್ದದ್ದು ಒಂದು ಟೇಪ್‌ರೆಕಾರ್ಡರ್ ಮಾತ್ರ.

ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದ ಮೇಡಂ, ಮೂಲೆಗೆ ಹಾಕಿದ್ದ ಮೂರು ಹಳೆ ಕಂಪ್ಯೂಟರ್ ಕೊಟ್ಟರು. ಬದಲಿಗೆ ಅವರ ಯುಪಿಎಸ್‌ಗಳನ್ನೆಲ್ಲ ನಾನು ಸರಿ ಮಾಡಿಕೊಟ್ಟೆ. ಯಾವುದೋ ಪತ್ರಿಕೆಯ ಜೊತೆ ಬಂದಿದ್ದ ಲಿನಕ್ಸ್ ಸಿಡಿಯನ್ನೂ ಕೊಟ್ಟು, "ಇದು ಓಪನ್ ಸೋರ್ಸ್. ಒಳಗೆ ಹೇಗೆ ಬರೆದಿದಾರೆ ಅಂತ ಯಾರು ಬೇಕಾದ್ರೂ ನೋಡಬಹುದು, ತಿದ್ದಬಹುದು" ಎಂದರು. ನನಗೆ ತಕ್ಷಣ ಅರ್ಥವಾಯಿತು. ಹಳೆ ವಾಲ್ವ್ ರೇಡಿಯೋಗಳ ಹಿಂದಿನ ಮುಚ್ಚಳದೊಳಗೆ ಸರ್ಕ್ಯೂಟಿನ ಚಿತ್ರ ಅಂಟಿಸಿರುತ್ತಿದ್ದರಲ್ಲ, ಹಾಗೆ. ತನ್ನ ಕೆಲಸದ ಮೇಲೆ ನಂಬಿಕೆ ಇದ್ದವನು ಮಾತ್ರ ಹಾಗೆ ತೋರಿಸುತ್ತಾನೆ.

ನನಗೆ ಇಂಗ್ಲಿಷಿನ ಅಕ್ಷರ ಬರುತ್ತಿತ್ತು, ಅರ್ಥ ಅಷ್ಟಕ್ಕಷ್ಟೆ. ಒಂದೊಂದು ಕಮಾಂಡನ್ನೂ ಚುಕ್ಕೆ, ಗೆರೆ ಬಿಡದೆ ನೋಟ್‌ಬುಕ್ಕಿನಲ್ಲಿ ಬರೆದು, ಅದು ಏನು ಮಾಡುತ್ತದೆಂದು ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ಮೂರು ಕಂಪ್ಯೂಟರನ್ನೂ ಮೂರು ಕಡೆ ಇಟ್ಟು, ವೈರಿನಿಂದ ಒಂದಕ್ಕೊಂದು ಜೋಡಿಸಿದೆ. ಹತ್ತನೇ ದಿನ ಹಾಲಿನಲ್ಲಿ, ಕೋಣೆಯಲ್ಲಿ, ಅಡುಗೆಮನೆಯಲ್ಲಿ ಒಂದೇ ಹಾಡು ಶುರುವಾಯಿತು. ನಾನು ಎದೆ ಉಬ್ಬಿಸಿ ನಿಂತಿದ್ದೆ. ಅಮ್ಮ ಹಾಲಿನಿಂದ ಅಡುಗೆಮನೆಗೆ ಹೋದವಳು ವಾಪಸು ಬಂದಳು.

"ಇದೆಂತ ಮಾರಾಯ, ಇಲ್ಲಿ ಹಾಡಿ ಮುಗಿಸಿದ್ದನ್ನ ಅಲ್ಲಿ ಮತ್ತೆ ಹಾಡ್ತಾನೆ?"

ಅರ್ಧ ಮಾತಿನಷ್ಟು ತಡ. ಮೈದಾನದಲ್ಲಿ ದೂರದ ಹಾರ್ನಿನ ಸದ್ದು ತಡವಾಗಿ ಬರುತ್ತದೆ, ಇದೂ ಹಾಗೇ ಇರಬೇಕೆಂದು ಅಡುಗೆಮನೆಯ ಸ್ಪೀಕರನ್ನು ಬಾಗಿಲ ಹತ್ತಿರ ತಂದೆ, ದಪ್ಪ ವೈರು ಹಾಕಿದೆ. ಎರಡು ದಿನ ಹಾಳು. ಮೇಡಂ ನಕ್ಕು ಹೇಳಿದರು: "ತಡ ಆಗ್ತಿರೋದು ಗಾಳಿಯಲ್ಲಲ್ಲ, ಕಂಪ್ಯೂಟರ್ ಒಳಗೆ. ಒಂದೊಂದೂ ಹಾಡನ್ನ ಸ್ವಲ್ಪ ಕೂಡಿಟ್ಕೊಂಡು ಆಮೇಲೆ ಬಿಡುತ್ತೆ." ಎಷ್ಟು ಹೊತ್ತು ತಡೆಯಬೇಕೆಂದು ಬರೆಯುವ ಒಂದು ಸಾಲು, ಹಾಡು ನುಡಿಸುವ ಪ್ರೋಗ್ರಾಮಿನ ಫೈಲಿನಲ್ಲೇ ಇತ್ತು. ಅಲ್ಲಿನ ಅಂಕಿ ಬದಲಿಸುತ್ತಾ ಕಿವಿಯಿಂದಲೇ ಹೊಂದಿಸಬೇಕು.

ಎರಡು ಕೋಣೆಯ ಸದ್ದು ಒಟ್ಟಿಗೆ ಕೇಳುವುದು ಬಾಗಿಲಲ್ಲಿ. ಬಾಗಿಲಲ್ಲಿ ನಿಂತರೆ ಕಾಲ ಕೆಳಗೆ ಹೊಸ್ತಿಲು. ಅಮ್ಮ ಬೆಳಿಗ್ಗೆಯಷ್ಟೇ ರಂಗೋಲಿ ಎಳೆದು ಅರಿಸಿನ ಕುಂಕುಮ ಇಟ್ಟಿದ್ದ ಹೊಸ್ತಿಲು.

"ಹೊಸ್ತಿಲ ಮೇಲೆ ನಿಲ್ತಾರನಾ? ಒಳಗೆ ಬಾ, ಇಲ್ಲ ಆಚೆ ಹೋಗು."

"ದಾಟ್ತಾ ಇದೀನಿ ಅಮ್ಮ."

"ಬೆಳಿಗ್ಗೆಯಿಂದ ದಾಟ್ತಿದೀಯಲ್ಲ, ಅದೆಂತ ಹೊಸ್ತಿಲೋ ಹೊಳೆಯೋ?"

ಕೊನೆಗೆ ಹಾಲಿನ ಕಡೆ ಮಣೆ ಹಾಕಿಕೊಂಡು ಕೂತು, ಕುತ್ತಿಗೆ ಮಾತ್ರ ಹೊಸ್ತಿಲ ಮೇಲೆ ಚಾಚಿದೆ. ಅಮ್ಮ ರಂಗೋಲಿ ಅಳಿಸಿದೆಯೇ ಎಂದು ಬಗ್ಗಿ ನೋಡಿದಳು.

"ಸರಿ. ಕುತ್ತಿಗೆಗೆ ಶಾಸ್ತ್ರ ಇಲ್ಲ."

ಮೂರು ದಿನ ಹಾಗೇ ಕೂತೆ. ಹಾಡು ಬೇಡವೆಂದು ಜಾಗಟೆಯ ಸದ್ದನ್ನು ರೆಕಾರ್ಡ್ ಮಾಡಿ ಹಾಕಿದೆ. ಠಣ್ ಠಣ್ ಎಂದು ಎರಡು ಕೇಳುತ್ತಿದ್ದದ್ದು ಅಂಕಿ ಕಡಿಮೆ ಮಾಡಿದಂತೆ ಹತ್ತಿರ ಬಂದು, ಒಂದೇ ಠಣ್ ಆಯಿತು. ಗಂಟೆ ಕಳೆದ ಮೇಲೆ ಮತ್ತೆ ಬೇರೆಯಾಯಿತು, ಏಕೆಂದರೆ ಒಂದೊಂದು ಕಂಪ್ಯೂಟರಿನ ಗಡಿಯಾರ ಒಂದೊಂದು ದಾರಿ ಹಿಡಿಯುತ್ತಿತ್ತು. ಹಾಲಿನ ಕಂಪ್ಯೂಟರನ್ನು ಕೇಳಿಯೇ ಮಿಕ್ಕ ಎರಡೂ ಸಮಯ ಸರಿ ಮಾಡಿಕೊಳ್ಳುವಂತೆ ಮಾಡಿದ ಮೇಲೆ ಮತ್ತೆ ತಂಟೆ ಬರಲಿಲ್ಲ.

ಭಾನುವಾರ ಗೌಡರು ಬಂದರು. ಕಾಫಿಯನ್ನೂ ಮುಟ್ಟಲಿಲ್ಲ. ಹಾಡು ಹಾಕಿಸಿ, ತೊಡೆಯ ಮೇಲೆ ತಾಳ ಹಾಕುತ್ತಾ ಎದ್ದು ಹಾಲಿನಿಂದ ಕೋಣೆಗೆ, ಕೋಣೆಯಿಂದ ಅಡುಗೆಮನೆಗೆ ನಡೆದರು. ಅವರು ಭಜನೆಗೆ ಕೂರುವವರೆಂದು ನನಗೆ ಗೊತ್ತಿರಲಿಲ್ಲ. ಇನ್ನೊಂದು ಕೈಯಿಂದ ಕೋಣೆಯ ಸ್ಪೀಕರಿನ ಗುಂಡಿ ತಿರುಗಿಸಿ, ಅಲ್ಲಿ ಮಾತ್ರ ಸಣ್ಣ ಆಗುವುದನ್ನೂ ನೋಡಿದರು. ಪೂರ್ತಿ ಹಾಡು ಮುಗಿಯುವವರೆಗೆ ಅವರ ತಾಳ ಎಲ್ಲೂ ತಪ್ಪಲಿಲ್ಲ.

"ಇಂಜಿನಿಯರ್ನ ಎಲ್ಲಿ ಬಚ್ಚಿಟ್ಟಿದೀಯ ಮಾರಾಯ?"

"ಇಲ್ಲೇ ನಿಂತಿದಾನಲ್ಲ. ಕುತ್ತಿಗೆ ನೋವು ಪಾಪ" ಎಂದಳು ಅಮ್ಮ.

"ಮಂಗಳವಾರ ಬಂದು ವೈರ್ ಎಳಿ. ಗೋಡೆಗೆ ಗಿಲಾವು ಮಾಡೋದು ನಿಲ್ಸಿದೀನಿ" ಎಂದು ಹೇಳಿ ಗೌಡರು ತಣ್ಣಗಾದ ಕಾಫಿ ಕುಡಿದರು.

ಈಗ ೨೦೦೯. ನೆಮ್ಮಾರಿನದೂ ಸೇರಿ ಶೃಂಗೇರಿ ಕಡೆ ಮೂರು ಮನೆ, ಕೊಪ್ಪದಲ್ಲಿ ನನ್ನದು ಬಿಟ್ಟು ಎರಡು, ಇಲ್ಲೇ ಹತ್ತಿರದ ನಾರ್ವೆ ಎಂಬ ಹಳ್ಳಿಯಲ್ಲಿ ಒಂದು. ನಾನು ಹೀಗೆ ಹಾಡು ಹಾಕಿಕೊಟ್ಟದ್ದು ಒಟ್ಟು ಆರು ಮನೆ, ಇಪ್ಪತ್ತೆಂಟು ಕೋಣೆ.