ಎಣಿಸಬಾರದ ಮರಿಗಳು

ನಮ್ಮ ಸುರಪುರದ ಕಡೆ ಕಡಲಿಲ್ಲ. ಆದರೂ ಕಡಲಹಕ್ಕಿಗಳ ಬಳಗದ ಹಕ್ಕಿಯೊಂದು ಬೇಸಿಗೆಯಲ್ಲಿ ಕೃಷ್ಣೆಯ ಮರಳುದಿಬ್ಬಕ್ಕೆ ಬಂದು ಮೊಟ್ಟೆಯಿಡುತ್ತದೆ. ಹೆಸರು ರೀವ. ಹಳದಿ ಕೊಕ್ಕು, ಕರಿ ಟೋಪಿ, ಕವಲು ಬಾಲ. ಗೂಡೆಂದರೆ ಮರಳಲ್ಲೊಂದು ಕುಳಿ, ಅಷ್ಟೇ. ಊರೂರಿನ ಜನ ಕಂಡದ್ದನ್ನು ಬರೆದು ಕಳಿಸುವ ಹಕ್ಕಿಗಣತಿಗೆ ನಾನೂ ಹೆಸರು ಕೊಟ್ಟೆ. ರಂಗಂಪೇಟೆಯಲ್ಲಿ ನಾನು ಕಲಿಸುವ ಶಾಲೆಯ ಮಾಸ್ತರರೊಬ್ಬರು ನಕ್ಕರು.

"ಸಾಲಿ ಹುಡುಗ್ರ ಹಾಜ್ರಿ ಸಾಲಲಾರದಕ್ಕ ಹಕ್ಕಿ ಹಾಜ್ರಿ ತಗೊಳಾಕ ಹೊಂಟೀರೇನ್ರಿ?"

ನಗಲಿ. ಹಿಡಿದದ್ದನ್ನು ಬಿಡುವ ಜಾಯಮಾನ ನನ್ನದಲ್ಲ.

ಮೊದಲ ಭಾನುವಾರ ಹನ್ನೊಂದು ಗೂಡು ಸಿಕ್ಕವು. ಲೆಕ್ಕ ತಪ್ಪಬಾರದೆಂದು ಒಂದೊಂದರ ಪಕ್ಕವೂ ಕೆಂಪು ಬಟ್ಟೆ ಕಟ್ಟಿದ ಕಡ್ಡಿ ನೆಟ್ಟು, ಬೀಗುತ್ತ ಮನೆಗೆ ಬಂದೆ. ಮುಂದಿನ ಭಾನುವಾರ ಹೋದರೆ ಏಳು ಗೂಡು ಬರಿದು. ಕಡ್ಡಿಯಿಂದ ಕಡ್ಡಿಗೆ ಕಾಗೆಗಳು ನಡೆದಾಡುತ್ತಿದ್ದವು.

ದಂಡೆಯಲ್ಲಿ ಕುರಿ ಮೇಯಿಸುತ್ತಿದ್ದ ಹೆಂಗಸು ದಬಾಯಿಸಿದಳು. "ಎಂಥಾ ಕೆಲಸ ಮಾಡೀರಿ ಅಕ್ಕೋರೆ! ಎಲಿ ಹಾಕಿ ಕಾಗಿಗೋಳ್ನ ಊಟಕ್ಕ ಕರದಂಗಾತು."

ನಾಚಿಕೆಯಿಂದ ಕಣ್ಣಲ್ಲಿ ನೀರೇ ಬಂತು. ಕಡ್ಡಿಗಳನ್ನೆಲ್ಲ ಕಿತ್ತೆ. ಉಳಿದ ನಾಲ್ಕರಲ್ಲಿ ಒಂದನ್ನೂ ಕಳೆದುಕೊಳ್ಳುವುದಿಲ್ಲ ಎಂದು ಅಲ್ಲೇ ನಿಶ್ಚಯಿಸಿದೆ. ಆದರೆ ವಾರಕ್ಕೆ ಆರು ದಿನ ನನಗೆ ಶಾಲೆ, ಬೇಸಿಗೆ ರಜೆಯಲ್ಲೂ ವಿಶೇಷ ತರಗತಿ. ಆಕೆಯನ್ನೇ ಕೇಳಿಕೊಂಡೆ. ಕುರಿಗಳನ್ನು ದಿಬ್ಬದ ಮೇಲೆ ಹಾಯಿಸದೆ ಸುತ್ತುಬಳಸಿ ನೀರಿಗಿಳಿಸಲು ಒಪ್ಪಿದಳು, ನಾಯಿಗಳನ್ನೂ ಕಾಗೆಗಳನ್ನೂ ಓಡಿಸಲೂ ಒಪ್ಪಿದಳು. ಎಣಿಸಲು ಮಾತ್ರ ಒಪ್ಪಲಿಲ್ಲ.

"ಎಣಿಸಿದ್ರ ಕಡಿಮಿ ಆಗ್ತಾವ್ರಿ. ನಮ್ಮ ಕುರಿ ನಾವು ಎಂದರ ಎಣಿಸೀವೇನು? ಒಂದಿಲ್ಲಂದ್ರ ಕಣ್ಣಿಗೇ ಗೊತ್ತಾಗ್ತದ."

ಬೇರೆ ದಿನವಾಗಿದ್ದರೆ ಮೂಢನಂಬಿಕೆ ಎಂದು ಪಾಠ ಹೇಳುತ್ತಿದ್ದೆ. ಎಣಿಸಹೋಗಿ ಏಳು ಗೂಡು ಕಳೆದವಳು ಯಾವ ಬಾಯಿಂದ ವಾದಿಸಲಿ? ಆಮೇಲಿನ ಭಾನುವಾರಗಳಲ್ಲಿ ದಿಬ್ಬಕ್ಕೆ ಕಾಲಿಡದೆ ದಂಡೆಯಲ್ಲೇ ಕೂತೆ. ಮೊಟ್ಟೆ ಒಡೆದದ್ದು, ನಾಯಿ ಬಂದು ಹೋದದ್ದು, ಮರಿಗಳು ನೀರಿನಂಚಿಗೆ ಓಡಲು ಕಲಿತದ್ದು, ಎಲ್ಲವನ್ನೂ ಆಕೆ ಹೇಳಿದಳು, ನಾನು ಬರೆದುಕೊಂಡೆ. ಸಂಖ್ಯೆಯ ಜಾಗದಲ್ಲಿ ಪ್ರತಿ ವಾರವೂ "ಎಲ್ಲವೂ ಇವೆ" ಎಂದೇ ಬರೆದು ಕಳಿಸಿದೆ. ಗಣತಿಯವರು ಅಂಕಿ ಕೇಳಿದರು. ಕಾಯಿರಿ ಎಂದೆ.

ಮೇ ಕೊನೆಯ ಭಾನುವಾರ ನನ್ನನ್ನು ದೂರದಿಂದಲೇ ಕಂಡು ಆಕೆ ಬಡಿಗೆ ಎತ್ತಿ ಬೀಸಿದಳು. ದಿಬ್ಬ ನೋಡಿದೆ. ಖಾಲಿ. ಆಕೆ ಬಡಿಗೆಯನ್ನು ಹೊಳೆಯ ಕಡೆ ಚಾಚಿದಳು. ನೀರಿನ ಮೇಲೆ ತಾಯಿಗಳ ಬೆನ್ನುಹತ್ತಿ ಎಳೆಯ ರೀವಗಳು ಹಾರುತ್ತಿದ್ದವು.

"ಈಗ ಎಣಿಸ್ರಿ ಅಕ್ಕೋರೆ," ಎಂದಳು.