ಐದು ಗೋಡೆ ಕಟ್ಟಿದವಳು

ಅವಳನ್ನು ನಾವೆಲ್ಲ ರಸಮಟ್ಟ ಎಂದೇ ಕರೆಯುತ್ತಿದ್ದೆವು. ಗಾರೆಯವರು ಗೋಡೆಯ ಮೇಲಿಟ್ಟು ಮಟ್ಟ ನೋಡುವ, ಗಾಜಿನ ನಳಿಗೆಯಲ್ಲಿ ಗುಳ್ಳೆ ಓಡಾಡುವ ಪಟ್ಟಿಯ ಹೆಸರು ಅದು. ಅವಳಿಗೆ ಆ ಪಟ್ಟಿಯೇ ಬೇಕಿರಲಿಲ್ಲ. ಒಂದು ಕಣ್ಣು ಮುಚ್ಚಿ ಇಟ್ಟಿಗೆ ಸಾಲಿನ ಉದ್ದಕ್ಕೂ ನೋಡಿ, "ಎಡಗಡೆಯಿಂದ ಮೂರನೇದು ತಲೆ ಎತ್ತಿದೆ" ಅನ್ನುತ್ತಿದ್ದಳು. ಕಲಿಸುವ ಮೇಷ್ಟ್ರು ಪಟ್ಟಿ ಇಟ್ಟು ನೋಡಿದರೆ ಗುಳ್ಳೆಯೂ ಅದನ್ನೇ ಹೇಳುತ್ತಿತ್ತು.

ಹೆಂಗಸರಿಗೆ ಗಾರೆ ಕೆಲಸ ಕಲಿಸುವ ಆ ಕೇಂದ್ರದಲ್ಲಿ ನಾನು ಹಾಜರಿ ಬರೆಯುವವಳು. ಹಳೆಯ ಉಗ್ರಾಣ, ತಗಡಿನ ಚಾವಣಿ. ಬಾಗಿಲ ಪಕ್ಕ ನನ್ನ ಮೇಜು, ಮೇಜಿನ ಎದುರಿಗೇ ಗೋಡೆ ಕಟ್ಟುವ ಜಾಗ. ಹಾಗಾಗಿ ಗೊತ್ತಿರಲಿಲ್ಲ ಎಂದು ಜಾರಿಕೊಳ್ಳುವ ಹಾಗಿಲ್ಲ. ಎಲ್ಲವೂ ನನ್ನ ಕಣ್ಣೆದುರಿಗೇ ನಡೆಯಿತು.

ಹದಿನೆಂಟು ವರ್ಷ ತಲೆಯ ಮೇಲೆ ಬಾಣಲಿ ಹೊತ್ತವಳು ಅವಳು. ಗಾರೆ ಕಲಸಿದ್ದಾಳೆ, ಇಟ್ಟಿಗೆ ಎತ್ತಿ ಕೊಟ್ಟಿದ್ದಾಳೆ, ಮೂರು ಮಹಡಿ ಹತ್ತಿ ಇಳಿದಿದ್ದಾಳೆ. ಗಾರೆ ಬಳಿದು ಗೋಡೆ ಕಟ್ಟುವ ಕರಣೆ ಮಾತ್ರ ಗಂಡಸರ ಕೈಯಲ್ಲೇ ಇತ್ತು. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಅವಳು ಮತ್ತು ಓದುತ್ತಿರುವ ಮಗಳು, ಇಬ್ಬರೇ. ಕೊನೆಗೆ ಕತ್ತಿನ ಮೂಳೆ ಸವೆಯಿತು. ತಲೆಯ ಮೇಲೆ ಇನ್ನು ಒಂದು ಕೊಡ ನೀರನ್ನೂ ಹೊರಬೇಡ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಸೇರುವ ದಿನ ಅವಳು ನನ್ನ ಮೇಜಿನ ಮುಂದೆ ನಿಂತು ಹೇಳಿದ ಮಾತು ನನಗೆ ಈಗಲೂ ನೆನಪಿದೆ.

"ಕೈ ಗಟ್ಟಿ ಇದೆ ಮೇಡಂ, ಕತ್ತು ಮಾತ್ರ ಹೋಗಿದೆ. ಕರಣೆ ಹಿಡಿದ್ರೆ ಇನ್ನೂ ಇಪ್ಪತ್ತು ವರ್ಷ ದುಡೀತೀನಿ. ಇಲ್ದಿದ್ರೆ ಈ ವರ್ಷಾನೇ ಕೊನೆ."

ವಾರ ಕಳೆಯುವುದರೊಳಗೆ ನಾನು ಅವಳಿಗೆ ಮೇಡಂ ಹೋಗಿ ತಂಗಿಯಾದೆ. ಅವಳು ನನಗೆ ಅಕ್ಕ.

ನಮ್ಮಲ್ಲಿ ಕಲಿಸುವ ರೀತಿಯೇ ಬೇರೆ. ಸಿಮೆಂಟು ಹಾಕಿ ಕಟ್ಟಿದರೆ ಇಟ್ಟಿಗೆ ಮತ್ತೆ ಸಿಗುವುದಿಲ್ಲವಲ್ಲ, ಅದಕ್ಕೆ ಕೆಂಪು ಮಣ್ಣು ಕಲಸಿ ಕಟ್ಟಿಸುತ್ತಿದ್ದರು. ಎದೆಯೆತ್ತರದ ಗೋಡೆ, ಒಂದು ಮೂಲೆ, ಒಂದು ಕಿಟಕಿಯ ಜಾಗ. ಕೊನೆಯ ದಿನ ಪರೀಕ್ಷೆ, ಚಪ್ಪಾಳೆ, ಫೋಟೋ. ಮಾರನೆಯ ದಿನ ಕಟ್ಟಿದವರೇ ಬಿಚ್ಚಬೇಕು. ಒಂದೊಂದೇ ಇಟ್ಟಿಗೆ ಕಳಚಿ, ಮಣ್ಣು ಕೆರೆದು, ತೊಳೆದು ಅಟ್ಟಿ ಹಾಕಬೇಕು. ಕಟ್ಟಿ ಬಿಚ್ಚಿ ಕಟ್ಟಿ ಬಿಚ್ಚಿ ನಮ್ಮ ಇಟ್ಟಿಗೆಗಳ ಮೂಲೆಗಳೆಲ್ಲ ಸವೆದು ಸಾಬೂನಿನಂತೆ ಆಗಿದ್ದವು.

ಅಕ್ಕ ಮೊದಲ ಗೋಡೆ ಕಟ್ಟಿದಾಗ ನೋಡಲು ಬಂದ ದೊಡ್ಡವರು ಮೂಗಿನ ಮೇಲೆ ಬೆರಳಿಟ್ಟರು. ಅಲ್ಲಿಗೆ ಅವಳ ಗ್ರಹಚಾರ ಶುರುವಾಯಿತು. ಕೇಂದ್ರದ ಮುಖ್ಯಸ್ಥರಿಗೆ, ಅಂದರೆ ನಮ್ಮ ಸಾಹೇಬರಿಗೆ, ಪ್ರತಿ ತಂಡಕ್ಕೂ ಮೂವತ್ತು ಹೆಂಗಸರು ಬೇಕು. ಬರುವವರು ಇಪ್ಪತ್ತೆರಡು, ಇಪ್ಪತ್ಮೂರು. ಅದರ ಜೊತೆಗೆ, ನೋಡಲು ಬಂದ ದೊಡ್ಡವರಿಗೆ ತೋರಿಸಲು ಒಂದು ಚೆಂದದ ಗೋಡೆಯೂ ಬೇಕು.

"ಮುಂದಿನ ತಂಡಕ್ಕೂ ಇರಮ್ಮ. ಆಮೇಲೆ ಕೆಲಸ ನಾವೇ ಕೊಡಿಸ್ತೀವಿ" ಎಂದು ಮೂಗಿಗೆ ತುಪ್ಪ ಸವರಿದರು. ಅವಳು ನಂಬಿದಳು. ಒಂದೇ ಹೆಸರು ಎರಡು ಸಲ ಬರುವಂತಿಲ್ಲವಾದ್ದರಿಂದ ಎರಡನೇ ಸಲ ಅವಳನ್ನು ತೌರಿನ ಹೆಸರಿನಲ್ಲಿ ಬರೆದೆ. ಮೂರನೇ ಸಲ ಮಗಳ ಹೆಸರು, ನಾಲ್ಕನೇ ಸಲ ಅಕ್ಕಪಕ್ಕದವರು ಕರೆಯುವ ಹೆಸರು. ಐದನೇ ಸಲಕ್ಕೆ ಏನೂ ಹೊಳೆಯದೆ ಸತ್ತುಹೋದ ಅವಳ ಅತ್ತೆಯ ಹೆಸರು ಬರೆದುಕೊಂಡೆ. "ನಮ್ಮತ್ತೆಗೆ ಗೊತ್ತಾದ್ರೆ ಎದ್ದು ಬಂದು ಬೈತಾಳೆ, ಸೊಸೆ ಕೆಲಸ ನಾನ್ಯಾಕೆ ಮಾಡ್ಲಿ ಅಂತ" ಎಂದು ಅಕ್ಕ ನಕ್ಕಳು. ನಾನೂ ನಕ್ಕೆ. ಈಗ ಆ ನಗು ನೆನೆದರೆ ಮೈ ಉರಿಯುತ್ತದೆ.

ಐದನೇ ಗೋಡೆ ಎದ್ದ ಹೊತ್ತಿಗೆ ಅವಳಿಗೂ ಸಾಕಾಗಿತ್ತು. ಎರಡು ಬೀದಿ ಆಚೆ ಹೊಸ ಕಟ್ಟಡ ಏಳುತ್ತಿತ್ತು. ತಾನೇ ಹೋಗಿ, ಕೇಂದ್ರದವರು ಕೊಟ್ಟಿದ್ದ ಸರ್ಟಿಫಿಕೇಟು ತೋರಿಸಿ ಅಲ್ಲಿನ ಮೇಸ್ತ್ರಿಯನ್ನು ಕೆಲಸ ಕೇಳಿದಳು. ಆತನ ಕೈಕೆಳಗೆ ಅವಳು ಹಿಂದೆ ಬಾಣಲಿ ಹೊತ್ತಿದ್ದಳು.

"ಕಾಗದ ಒಳಗಿಡು" ಎಂದನಂತೆ ಆತ. "ನೀನು ಕಟ್ಟಿದ ಒಂದು ಗೋಡೆ ತೋರ್ಸು. ನೆಟ್ಟಗಿದ್ರೆ ನಾಳೆನೇ ಕರಣೆ ಕೊಡ್ತೀನಿ."

ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಯಾವ ಗಾರೆಯವನನ್ನು ಕೇಳಿದರೂ ಬೀದಿಯಲ್ಲಿ ನಡೆಯುತ್ತಾ ಹತ್ತು ಗೋಡೆಗೆ ಕೈ ತೋರಿಸುತ್ತಾನೆ. ಇವಳು ಕಟ್ಟಿದ್ದರಲ್ಲಿ ನಿಂತಿದ್ದು ಒಂದೇ, ಅದೂ ಇನ್ನೆರಡು ದಿನ.

ಅವಳು ಓಡಿಬಂದು ಸಾಹೇಬರ ಮುಂದೆ ಕೈಮುಗಿದಳು. "ಇದೊಂದನ್ನ ಬಿಚ್ಚಿಸಬೇಡಿ ಸಾರ್. ಸೋಮವಾರ ಮೇಸ್ತ್ರಿ ನೋಡೋಕೆ ಬರ್ತಾನೆ. ಆಮೇಲೆ ನಾನೇ ಬಿಚ್ಚಿ ತೊಳೆದಿಟ್ಟು ಹೋಗ್ತೀನಿ."

"ಅದಕ್ಕೇನಂತೆ, ಇರಲಿ" ಎಂದರು ಸಾಹೇಬರು. ಅಕ್ಕ ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ 'ಬಿಚ್ಚಬೇಡಿ' ಎಂದು ನನ್ನ ಕೈಯಲ್ಲೇ ಬರೆಸಿ, ಖುಷಿಯಾಗಿ ಮನೆಗೆ ಹೋದಳು.

ಶನಿವಾರ ಹೊಸ ತಂಡದ ಉದ್ಘಾಟನೆ. ಬಂದವರಿಗೆ ತೋರಿಸಲು ಏನಾದರೂ ನಡೆಯುತ್ತಿರಬೇಕಲ್ಲ? ಹೊಸ ಹೆಂಗಸರಿಗೆ ಕಟ್ಟಲು ಬರುವುದಿಲ್ಲ. ಬಿಚ್ಚಲು ಯಾರಿಗಾದರೂ ಬರುತ್ತದೆ. "ಮೊದಲ ಪಾಠ, ಗೋಡೆಯ ರಚನೆ" ಎಂದು ಸಾಹೇಬರು ಮೇಷ್ಟ್ರಿಗೆ ಸನ್ನೆ ಮಾಡಿದರು. ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಪುಸ್ತಕದ ಮೇಲೆ ತಲೆ ಬಗ್ಗಿಸಿದೆ. ನನ್ನ ಕೆಲಸ ಮುಂದುವರಿಸುವ ಕಾಗದ ಆ ವಾರವೇ ಸಾಹೇಬರ ಮೇಜಿನ ಮೇಲಿತ್ತು. ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಇಷ್ಟೇ ನನ್ನ ಯೋಗ್ಯತೆ.

ಹೆಂಗಸರು ಪಾಪ, ಶ್ರದ್ಧೆಯಿಂದ ಬಿಚ್ಚಿದರು. ನನ್ನ ಅಕ್ಷರವಿದ್ದ ಇಟ್ಟಿಗೆಗಳನ್ನೂ ತಿಕ್ಕಿ ತೊಳೆದರು.

ಸೋಮವಾರ ಹತ್ತು ಗಂಟೆಗೆ ಅಕ್ಕ ಮೇಸ್ತ್ರಿಯನ್ನು ಕರೆದುಕೊಂಡು ಬಂದಳು. ಒಗೆದ ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ. ಬಾಗಿಲಿನಿಂದಲೇ ಕೈ ಚಾಚಿ ತೋರಿಸಲು ಹೋದವಳು ಚಾಚಿದ ಕೈಯನ್ನು ಹಾಗೇ ಇಳಿಸಿದಳು. ಗೋಡೆ ಇದ್ದ ಜಾಗದಲ್ಲಿ ಇಟ್ಟಿಗೆಯ ಅಟ್ಟಿ ಇತ್ತು.

"ಅಟ್ಟಿ ಚೆನ್ನಾಗಿ ಹಾಕಿದ್ದೀಯ" ಎಂದ ಮೇಸ್ತ್ರಿ.

"ಇಲ್ಲೇ ಇತ್ತಣ್ಣ! ಕೇಳು ಬೇಕಾದ್ರೆ ಈ ತಂಗೀನ. ಒಂದು ಗಂಟೆ ನಿಲ್ಲು, ನಿನ್ನ ಮುಂದೇನೇ ಕಟ್ತೀನಿ." ಆಗಲೇ ಸೆರಗು ಸಿಕ್ಕಿಸಿಕೊಂಡಿದ್ದಳು.

"ಕಟ್ಟೋವಾಗ ಎಲ್ಲ ಗೋಡೆನೂ ನೆಟ್ಟಗೇ ಇರುತ್ತಮ್ಮ. ನಾಲ್ಕು ದಿನ ಒಣಗಿ ನಿಂತ ಮೇಲೆ ತಾನೇ ಬಣ್ಣ ಬಯಲಾಗೋದು." ಹೊರಟವನು ತಿರುಗಿ ನಿಂತ. "ಬಾಣಲಿ ಹೊರೋ ಹಾಗಿದ್ರೆ ನಾಳೆಯಿಂದ ಬಾ."

ಅಕ್ಕ ನನ್ನನ್ನು ನೋಡಿದಳು. ಬೈದಿದ್ದರೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಮಂಗಳವಾರದಿಂದ ಬಾಣಲಿ ಹೊರಲು ಹೋದಳು.

ಎರಡು ತಿಂಗಳ ಮೇಲೆ ಯಾರೋ ದೊಡ್ಡವರು ಬರುತ್ತಾರೆಂದು ಸುದ್ದಿ ಬಂತು. ಹೊಸ ತಂಡದ ಗೋಡೆ ಹೊಟ್ಟೆ ಬಿಟ್ಟುಕೊಂಡು ನಿಂತಿತ್ತು. "ಹೋಗಿ ಅವಳನ್ನು ಕರ್ಕೊಂಡು ಬಾ" ಎಂದರು ಸಾಹೇಬರು. ಹೋದೆ.

ಅವಳು ಎರಡನೇ ಮಹಡಿಯ ಮೆಟ್ಟಿಲ ಹತ್ತಿರ ಬಾಣಲಿ ಇಳಿಸುತ್ತಿದ್ದಳು. "ಅಕ್ಕಾ" ಎಂದೆ. ಕತ್ತು ತಿರುಗಲಿಲ್ಲ. ಕಾಲು, ಸೊಂಟ, ಭುಜ ಎಲ್ಲವನ್ನೂ ಸೇರಿಸಿ ಇಡೀ ಮೈಯನ್ನೇ ತಿರುಗಿಸಿ ನನ್ನತ್ತ ನೋಡಿದಳು. ಬಂದ ವಿಷಯ ಹೇಳಿದೆ. ಸೆರಗಿನಿಂದ ಮುಖ ಒರೆಸಿಕೊಂಡಳು.

"ಈ ಸಲ ಯಾವ ಹೆಸರು ಬರೀತೀರಿ, ಮೇಡಂ?"

ಅವಳು ಬಾಗಿ, ಖಾಲಿ ಬಾಣಲಿ ಎತ್ತಿಕೊಂಡು, ಗೋಡೆ ಹಿಡಿದು ಮೆಟ್ಟಿಲಿಳಿದಳು.

ನಾನು ವಾಪಸ್ ಬಂದು ಮೇಜಿನ ಮುಂದೆ ಕುಳಿತೆ. ಹಾಜರಿ ಪುಸ್ತಕ ತೆರೆದೇ ಇತ್ತು. ಹೇಗೂ ಬರುತ್ತಾಳೆ ಎಂದುಕೊಂಡು ಹೊಸದೊಂದು ಹೆಸರು ಹುಡುಕಿ, ಬೆಳಿಗ್ಗೆಯೇ ಅವಳ ಹಾಜರಿ ಹಾಕಿಬಿಟ್ಟಿದ್ದೆ.