ಹತ್ತನೇ ಹಲ್ಲು

ಹೋದ ವಾರ ಗೌಡ್ರ ಮನೆಯವರು ಹಳೇ ಆಲೆಮನೆ ಕೆಡವಿದ್ರು. ಗೋಣಿಚೀಲದಲ್ಲಿ ಏನೋ ಭಾರದ್ದು ತಂದು ನಮ್ ಜಗಲಿ ಮೇಲಿಟ್ಟು, "ನೀವೇ ಮಾಡಿದ್ದಂತೆ, ಗುಜರಿಗೆ ಹಾಕೋಕೆ ಮನಸ್ಸು ಬರ್ಲಿಲ್ಲ" ಅಂದ್ರು. ಕಬ್ಬಿನ ಗಾಣದ ಹಲ್ಲುಚಕ್ರ. ಬಟ್ಟೆಗೆ ಹರಳೆಣ್ಣೆ ಹಾಕಿ ತುಕ್ಕು ಒರೆಸೋಕೆ ಕೂತೆ. ಹರಳೆಣ್ಣೆಗೆ ಕಬ್ಬಿಣ ಸೇರಿದ ಆ ವಾಸನೆ ಮೂಗಿಗೆ ಬಡೀತು ನೋಡಿ... ಎದುರು ಮನೆ ಮೇಸ್ತ್ರಿ ಬಂದು ಪಕ್ಕದಲ್ಲಿ ಕೂತಂಗಾಯ್ತು.

ಅರವತ್ತರ ದಶಕದ ಮಾತು. ನಾನಾಗ ಹೊಳೆನರಸೀಪುರದಲ್ಲಿದ್ದೆ. ಹಾಸನದ ಒಂದು ಬಸ್ ವರ್ಕ್‌ಶಾಪಲ್ಲಿ ಕೆಲಸ ಮಾಡ್ತಿದ್ದೆ, ಅದು ಮುಚ್ಚೋಯ್ತು. ಮುಚ್ಚೋವಾಗ ಅಲ್ಲಿದ್ದ, ಕಬ್ಬಿಣ ಕೊರೆದು ಹಲ್ಲು ಬಿಡಿಸೋ ಹಳೇ ಮಿಲ್ಲಿಂಗ್ ಮಿಷನ್ ನಾನೇ ತಗೊಂಡೆ. ಲಾರೀಲಿ ತಂದು, ಎಮ್ಮೆ ಮಾರಿ ಖಾಲಿಯಾಗಿದ್ದ ಕೊಟ್ಟಿಗೇಲಿ ಇಳಿಸ್ದೆ. ನೋಡಿದೋರೆಲ್ಲ ನಕ್ಕರು. ಕೊರೆಯೋ ಸಾಮಾನು ಕೂರಿಸೋ ಟೇಬಲ್ಲು ಜಾರೋ ಪಟ್ಟಿ ಸವೆದು ಹಳ್ಳ ಬಿದ್ದಿತ್ತು. ಕೈಯಲ್ಲಿ ಅಲ್ಲಾಡಿಸಿದ್ರೆ ಸಡಿಲ ಹಲ್ಲಿನಂಗೆ ಅಲ್ಲಾಡ್ತಿತ್ತು.

ಮೇಸ್ತ್ರಿ ರೈಲ್ವೆ ಶೆಡ್ಡಲ್ಲಿ ಫಿಟ್ಟರಾಗಿದ್ದು ರಿಟೈರಾದೋರು. ಒಂದಿನ ಗೋಡೆ ಹಿಡ್ಕೊಂಡು ಬಂದ್ರು, ಮಿಷನ್ ಮೈಯೆಲ್ಲ ಕೈಯಾಡಿಸಿದ್ರು, ದನ ಕೊಳ್ಳೋರು ಸವರಿ ನೋಡ್ತಾರಲ್ಲ ಅಂಗೆ. "ಜೀವ ಐತೆ ಕಣ್ಲಾ" ಅಂದ್ರು. ಮಾರನೇ ದಿನದಿಂದ ದಿನಾ ಬಂದ್ರು.

ಅವರ ಕೆಲಸದ ರೀತಿ ಇಂಗಿತ್ತು. ಆಂಜನೇಯನಿಗೆ ಬಳಿಯೋ ಸಿಂದೂರಾನ ಹರಳೆಣ್ಣೇಲಿ ಕಲಸಿ, ಸಪಾಟಾದ ಕಬ್ಬಿಣದ ಹಲಗೆಗೆ ತೆಳ್ಳಗೆ ಸವರಿ, ಆ ಹಲಗೇನ ಪಟ್ಟಿ ಮೇಲೆ ಉಜ್ಜೋರು. ಉಬ್ಬಿರೋ ಕಡೆ ಕೆಂಪು ಅಂಟ್ತದೆ. ಅಲ್ಲಲ್ಲೇ ಉಳೀಲಿ ಕೆರೆಯೋದು, ಮತ್ತೆ ಸವರೋದು, ಮತ್ತೆ ಕೆರೆಯೋದು... ಪ್ರತಿ ಸಲಾನೂ, "ಎಲ್ಲೆಲ್ಲಿ ಕೆಂಪಾಯ್ತು, ನೀನೇ ಬೆಟ್ಟು ಮಾಡಿ ತೋರ್ಸು, ಕಲಿಯೋನು ನೀನು" ಅನ್ನೋರು. ನಾನು ಅವರ ಬೆರಳು ಹಿಡ್ಕೊಂಡು ಜಾಗ ತೋರಿಸ್ತಿದ್ದೆ. ಎರಡು ತಿಂಗಳಾದ್ಮೇಲೆ ಟೇಬಲ್ಲು ಬೆಣ್ಣೆ ಮೇಲೆ ಜಾರ್ದಂಗೆ ಜಾರ್ತು.

ಮೊದಲ್ನೇ ಕೆಲಸ ತಂದಿದ್ದು ಅರಕಲಗೂಡು ಕಡೆಯ ಇದೇ ಗೌಡ್ರು. ಅವರ ಗಾಣದ ಚಕ್ರ ಹಲ್ಲು ಮುರಿದಿತ್ತು. ಹಾಸನದಲ್ಲಿ ಎರಕ ಹೊಯ್ಸಿದ ಹಲ್ಲಿಲ್ಲದ ಗುಂಡು ಚಕ್ರ ತಂದಿದ್ರು, ಇದ್ದಿದ್ದೇ ಒಂದು. ಇನ್ನೊಂದು ಹೊಯ್ಸೋಕೆ ಹದಿನೈದು ದಿನ. ಕಬ್ಬು ಆಗ್ಲೇ ಕಡಿದಾಗಿತ್ತು.

"ಸೋಮವಾರ ಗಾಣ ತಿರುಗ್ದೆ ಓದ್ರೆ ಕಬ್ಬೆಲ್ಲ ಹುಳಿಯಾಯ್ತದೆ ಕಣಪ್ಪ. ಎಮ್ಮೆ ಕೊಟ್ಟಿಗೇಲಿ ಆಗೋ ಕೆಲ್ಸವಾ ಇದು? ಎಮ್ಮೆ ಎಲ್ಲಿ ಕಟ್ತಿದ್ರಿ?" ಅಂದ್ರು ಗೌಡ್ರು.

"ತಾವು ಕೂತವ್ರಲ್ಲ, ಅಲ್ಲೇ ಸ್ವಾಮಿ" ಅಂದ್ರು ಮೇಸ್ತ್ರಿ.

ಗೌಡ್ರು ನಕ್ಕರು. ನಂಗೆ ನಗು ಬರ್ಲಿಲ್ಲ. ಈ ಚಕ್ರ ಕೆಟ್ರೆ ಗೌಡ್ರ ಕಬ್ಬೂ ಹೋಯ್ತು, ನನ್ ಕೊಟ್ಟಿಗೆಗೆ ಇನ್ಯಾರೂ ಕಾಲಿಡಲ್ಲ.

ಹದಿನಾರು ಹಲ್ಲು ಬಿಡಿಸ್ಬೇಕಿತ್ತು. ಒಂದು ಸಲ ಕೊರೆದ್ಮೇಲೆ, ಚಕ್ರ ಸರಿಸೋ ಹಿಡಿಯನ್ನ ಎರಡೂವರೆ ಸುತ್ತು ತಿರುಗಿಸಿದ್ರೆ ಚಕ್ರ ಮುಂದಿನ ಹಲ್ಲಿಗೆ ಸರೀತದೆ. ಹಿಡಿ ಹಿಂದೆ ತೂತುತೂತಿನ ತಟ್ಟೆ. ಅರ್ಧ ಸುತ್ತು ಮುಗಿಯೋ ತೂತಿಗೆ ಸರಿಯಾಗಿ ಹಿಡಿಯ ಪಿನ್ನು ಕೂರಿಸ್ಬೇಕು. ಅದಕ್ಕೆ ಮೇಸ್ತ್ರಿ ತಟ್ಟೆಯ ಮೇಲ್ತುದೀಲೊಂದು, ಕೆಳತುದೀಲೊಂದು ದಾರ ಕಟ್ಟಿ ಗುರುತು ಮಾಡಿದ್ರು. ಬೆರಳಿಗೆ ದಾರ ಸಿಕ್ಕಿದ ಕೂಡ್ಲೆ ಪಿನ್ನು ಬಿಡೋರು.

ಗುರುವಾರ ಸಂಜೆಗೆ ಒಂಬತ್ತು ಹಲ್ಲಾಯ್ತು. ಅಷ್ಟ್ರಲ್ಲಿ ಮಿಷನ್ ಓಡಿಸೋ ಆಯಿಲ್ ಎಂಜಿನ್ ಬೆಲ್ಟು ಕಿತ್ತೋಯ್ತು. ಶುಕ್ರವಾರ ನಾನು ಬೆಲ್ಟಿಗೆ ಅಂತ ಹಾಸನಕ್ಕೋದೆ. ಶನಿವಾರ ಬೆಳಿಗ್ಗೆ ಗೌಡ್ರು ಬಂದು ಕೂತಿದ್ರು. ಎಂಜಿನ್ ಹಾಕ್ದೆ. ಮೇಸ್ತ್ರಿ ಹಿಡಿ ತಿರುಗಿಸಿ ಪಿನ್ನು ಕೂರಿಸಿ, ಕಟರ್ ಒಳಕ್ಕೆ ಬಿಟ್ರು. ಸದ್ದೇ ಸರಿ ಇರ್ಲಿಲ್ಲ. ಓಡಿ ಬಂದು ನೋಡಿದ್ರೆ ಹತ್ತನೇ ಹಲ್ಲು ಸಣಕಲು. ಅಕ್ಕಪಕ್ಕದವಕ್ಕಿಂತ ಗೋಧಿಕಾಳಿನಷ್ಟು ಕಡಿಮೆ. ಗಾಣಕ್ಕೆ ಹಾಕಿದ್ರೆ ಮೊದಲ್ನೇ ದಿನಾನೇ ಮುರೀತದೆ.

ಗೌಡ್ರು ಎದ್ದು ನಿಂತ್ರು. ನಾನು ಮೇಸ್ತ್ರಿ ಮೇಲೆ ಕಿರುಚಿದೆ: "ಕಣ್ಣು ಕಾಣಾಕಿಲ್ವಾ ನಿಮ್ಗೆ?"

ಮೇಸ್ತ್ರಿ ಕೈ ಒರೆಸ್ಕೊಂಡ್ರು. ಒಂದೊಂದೇ ಬೆರಳು, ನಿಧಾನಕ್ಕೆ.

"ಕಾಣಾಕಿಲ್ಲ ಕಣಪ್ಪ. ಎರಡು ವರ್ಸ ಆಯ್ತು."

ಎಂಜಿನ್ ಇನ್ನೂ ಓಡ್ತಾನೇ ಇತ್ತು... ಗೋಡೆ ಹಿಡ್ಕೊಂಡು ಬರ್ತಿದ್ದು, ಕೆಂಪು ಎಲ್ಲಿ ಅಂತ ನನ್ನನ್ನೇ ಕೇಳ್ತಿದ್ದು, ಎಲ್ಲಾ ಒಟ್ಟಿಗೆ ತಲೇಲಿ ಸುತ್ತಿತು. ಅಷ್ಟೊತ್ತಿಗೆ ನಮ್ಮವ್ವ ಕಾಫಿ ತಂದ್ಲು. ಎಲ್ಲರ ಮುಖ ನೋಡಿ, ನಾನು ತಟ್ಟೆ ತಡಕ್ತಿದ್ದಿದ್ದು ನೋಡಿ, ಅವಳೇ ಅಂದ್ಲು: "ದಾರ ಮಾಸೋಗಿತ್ತು ಕಣ್ಲಾ. ನೆನ್ನೆ ಸುಕ್ರವಾರ ಅಲ್ವಾ, ಪೂಜೆ ಮಾಡಿ, ಬಿಚ್ಚಾಕಿ ಅರಿಶಿಣದ ದಾರ ಕಟ್ದೆ. ಯಾಕ್ಲಾ?"

ಮೇಲಿನ ದಾರ ಮೊದಲಿದ್ದ ಜಾಗದಲ್ಲೇ ಇತ್ತು. ಕೆಳಗಿನದನ್ನ, ಚೆಂದಾಗಿ ಕಾಣ್ಲಿ ಅಂತ, ಪಕ್ಕಕ್ಕೆ ಕಟ್ಟಿದ್ಲು. ಬೆಳಿಗ್ಗೆ ಬಂದಾಗ್ಲೇ ಆ ಹಳದಿ ದಾರ ನಾನು ನೋಡಿದ್ದೆ. ಅವ್ವ ಪೂಜೆ ಮಾಡವ್ಳೆ ಅಂದ್ಕೊಂಡೆ, ಅಷ್ಟೇ. ಆ ಕೆಲಸದಲ್ಲಿ ಕಣ್ಣಿದ್ದೋನು ನಾನೊಬ್ನೇ ಅಲ್ವಾ.

ಮೇಸ್ತ್ರಿ ಅವ್ವನ ಕೈಯಿಂದ ಕಾಫಿ ತಗೊಂಡ್ರು. "ಗೌಡ್ರೇ, ನಾಳೆ ಸಂಜೆ ಗಂಟ ತಡೀರಿ" ಅಂದ್ರು. ಸರಿಯಾದ ಜಾಗಕ್ಕೆ ದಾರ ಕಟ್ಟಿಸಿ ಮಿಕ್ಕ ಹಲ್ಲೆಲ್ಲ ಬಿಡಿಸಿದ್ರು. ಸಣಕಲು ಹಲ್ಲನ್ನ ಬುಡಸಮೇತ ಕೊರೆದು ತೆಗೆದ್ರು, ಅಲ್ಲಿ ಬಿದ್ದ ಸಂದಿನ ಬುಡ ಅಗಲ, ಬಾಯಿ ಕಿರಿದು, ಕೂರಿಸಿದ್ದು ಕಿತ್ತು ಬರಬಾರ್ದು ಅಂತ. ಹೊಸ ಹಲ್ಲಿಗೆ ಅಂತ ಉಕ್ಕಿನ ತುಂಡನ್ನ ಅರದಲ್ಲಿ ಉಜ್ಜಿ ಉಜ್ಜಿ, ಬೆರಳಲ್ಲೇ ಅಳೆದು, ಪಕ್ಕದಿಂದ ಸುತ್ತಿಗೇಲಿ ಬಡಿದು ಕೂರಿಸಿದ್ರು. ನಾನು ಕೆಂಪು ಎಲ್ಲಿ ಅಂಟ್ತು ಅಂತ ಹೇಳ್ತಾ ಹೋದೆ.

ಸೋಮವಾರ ಗಾಣ ತಿರುಗ್ತು. ಗೌಡ್ರು ಬೆಲ್ಲ ಕಳಿಸಿದ್ರು. ಅರ್ಧ ತಗೊಂಡು ಎದುರು ಮನೆಗೆ ಹೋದೆ, ತಪ್ಪಾಯ್ತು ಅನ್ನೋಕೆ ಅಂತಾನೇ. ಬಾಗಿಲಲ್ಲಿ ನಿಂತು, "ಬೆಲ್ಲ ಮೇಸ್ತ್ರಿ" ಅಂದೆ, ಅಷ್ಟೇ ಆಗಿದ್ದು.

"ಮಿಷನ್ ಸರಿಯೋಯ್ತಲ್ಲ, ಇನ್ ನೀನೇ ನೋಡ್ಕೊ" ಅಂದ್ರು.

ಆಮೇಲೆ ಅವರು ಕೊಟ್ಟಿಗೆಗೆ ಬರ್ಲಿಲ್ಲ. ಮುಂದಿನ ವರ್ಷ ಚನ್ನರಾಯಪಟ್ಟಣದಲ್ಲಿದ್ದ ಮಗಳ ಮನೆಗೆ ಹೊರಟೋದ್ರು. ಹೋಗಿ ನೋಡ್ಬೇಕು, ಹೋಗಿ ನೋಡ್ಬೇಕು ಅಂತಿದ್ದೆ... ಸುದ್ದಿ ನನಗೆ ತಲುಪೋ ಹೊತ್ತಿಗೆ ತಿಥಿ ಕೂಡ ಆಗೋಗಿತ್ತು.

ಚಕ್ರ ಈಗ ನನ್ ಮುಂದಿದೆ. ಒರೆಸಿದ ಮೇಲೆ ಹತ್ತನೇ ಹಲ್ಲಿನ ಬುಡದಲ್ಲಿ ಕೂದಲೆಳೆಯಷ್ಟು ಗೆರೆ ಕಾಣ್ತದೆ, ಉಕ್ಕೂ ಎರಕಾನೂ ಸೇರಿದ ಜಾಗ. ಕಣ್ಣು ಮುಚ್ಚಿ ಬೆರಳಾಡಿಸ್ದೆ. ಸಿಗ್ಲಿಲ್ಲ. ಇನ್ನೊಂದ್ಸಲ ಆಡಿಸ್ದೆ. ಕಣ್ಣಿಗೆ ಕಾಣೋ ಆ ಗೆರೆ ಬೆರಳಿಗೆ ಸಿಗ್ತಾನೇ ಇಲ್ಲ.